ಹಳೆಮನೆ ಕೊಂಡು, ದುರಸ್ತಿ ಮಾಡಿ, ಬಾಡಿಗೆಗೆ ಬಿಡುವುದು: ವಿಜಯಪುರದವರಿಗೊಂದು ಸಮಗ್ರ ಮಾರ್ಗದರ್ಶಿ

ಜೋರಾಪುರ ಪೇಟೆಯ ಹತ್ತಿರ ನಾವು ಮೊದಲ ಹಳೆಮನೆ ಕೊಂಡಾಗ ಬಂದವರೆಲ್ಲ ಕೇಳಿದ್ದು ಒಂದೇ ಮಾತು: "ತಿಂಗಳಿಗೆ ಬಾಡಿಗಿ ಎಷ್ಟ ಬರ್ತದ್ರಿ?" ನಾನೂ ಆಗ ಅಷ್ಟೇ ಯೋಚಿಸಿದ್ದೆ. ಮಾಳಿಗೆ ಹತ್ತಿ ನೋಡಿರಲಿಲ್ಲ, ಸಿಟಿ ಸರ್ವೆ ಉತಾರ (ಊರೊಳಗಿನ ಆಸ್ತಿಯ ದಾಖಲೆಯ ಪ್ರತಿ) ಓದಿರಲಿಲ್ಲ, ಎದುರಿನ ಗುಮ್ಮಟ ಎಷ್ಟು ಮೀಟರ್ ದೂರವಿದೆ ಎಂದು ಅಳೆದಿರಲಿಲ್ಲ. ಆ ಮನೆ ಕಲಿಸಿದ್ದನ್ನೂ ಆಮೇಲೆ ಎರಡು ಮನೆ ದುರಸ್ತಿ ಮಾಡಿಸುವಾಗ ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಿವೃತ್ತಿಯ ದುಡ್ಡನ್ನೋ ಹೊಲ ಮಾರಿದ ದುಡ್ಡನ್ನೋ ತಂದು ಬಾಡಿಗೆ ಮನೆಗೆ ಹಾಕುವವರು ನಮ್ಮೂರಲ್ಲಿ ಬಹಳ. ಅವರು ಆ ದುಡ್ಡು ಕಳೆದುಕೊಳ್ಳಬಾರದು.

ಮೊದಲು ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. 30 ಲಕ್ಷಕ್ಕೆ ಮನೆ ಸಿಕ್ಕಿತು ಅನ್ನಿ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್ ಸೇರಿ ನಗರದಲ್ಲಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1%ಗೆ ಬದಲು 2% ಆಗಿದೆ. ಒಟ್ಟು 7.6%, ಅಂದರೆ 2,28,000 ರೂಪಾಯಿ. ದುರಸ್ತಿಗೆ 4 ಲಕ್ಷ ಹಿಡಿದರೆ ಒಟ್ಟು 36.28 ಲಕ್ಷ ಆಯಿತು. ಇದು ನೀವು ಕೊಟ್ಟ ಬೆಲೆಯ ಮೇಲಿನ ಲೆಕ್ಕ. ಸರ್ಕಾರದ ಮಾರ್ಗಸೂಚಿ ದರ ಅದಕ್ಕಿಂತ ಹೆಚ್ಚಿದ್ದರೆ ಶುಲ್ಕ ಆ ದರದ ಮೇಲೆ ಬೀಳುತ್ತದೆ. ಆದ್ದರಿಂದ ಬೆಲೆ ಮಾತಾಡುವ ಮೊದಲೇ ಆ ದರ ನೋಡಿಟ್ಟುಕೊಳ್ಳಿ.

ಬಾಡಿಗೆ ತಿಂಗಳಿಗೆ 12,000. ವರ್ಷಕ್ಕೆ 12 ತಿಂಗಳು ಹಿಡಿಯಬೇಡಿ, 11 ಹಿಡಿಯಿರಿ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಮನೆ ಖಾಲಿ ಬೀಳುವುದು ಇದ್ದದ್ದೇ. 1,32,000 ಬಂತು. ಪಾಲಿಕೆ ತೆರಿಗೆ, ನಳ-ಮೋಟರ್ ರಿಪೇರಿ, ಸುಣ್ಣ-ಬಣ್ಣ ಎಂದು 18,000 ತೆಗೆದರೆ ಉಳಿಯುವುದು 1,14,000. ಹಾಕಿದ ದುಡ್ಡಿಗೆ ಇದು 3.1% ಮಾತ್ರ. ಬ್ಯಾಂಕಿನ ಠೇವಣಿ ಇದಕ್ಕಿಂತ ಹೆಚ್ಚು ಕೊಡುತ್ತದೆ. ಸಾಲ ತೆಗೆದು ಮನೆ ಕೊಂಡು ಬಾಡಿಗೆಯಿಂದಲೇ ಕಂತು ಕಟ್ಟುತ್ತೇನೆ ಎನ್ನುವವರು ಈ ಸಂಖ್ಯೆಯನ್ನು ಎರಡು ಸಲ ಓದಬೇಕು.

ಈಗ ಅದೇ ಮನೆಗೆ ಇನ್ನೂ 2 ಲಕ್ಷ ಹಾಕಿ, ಹಿಂದಿನ ಭಾಗಕ್ಕೆ ಬೇರೆ ಬಾಗಿಲು, ಬೇರೆ ಸಂಡಾಸ-ಬಚ್ಚಲು, ಬೇರೆ ಮೀಟರ್ ಮಾಡಿ ಎರಡು ಸಂಸಾರಕ್ಕೆ ತಲಾ 8,000ಕ್ಕೆ ಕೊಟ್ಟಿರಿ ಅನ್ನಿ. 11 ತಿಂಗಳಿಗೆ 1,76,000 ಬರುತ್ತದೆ. ಖರ್ಚು 24,000 ಹಿಡಿದರೂ 1,52,000 ಉಳಿಯುತ್ತದೆ. ಒಟ್ಟು ಮೊತ್ತಕ್ಕೆ ಇದು ಸುಮಾರು 4%. ಆದರೆ ಆ ಕೊನೆಯ 2 ಲಕ್ಷವನ್ನಷ್ಟೇ ನೋಡಿ: ಅದು ವರ್ಷಕ್ಕೆ 38,000 ಹೆಚ್ಚಿಗೆ ತಂದಿತು, ಅಂದರೆ 19%. ಮನೆ ಕೊಳ್ಳಲು ಹಾಕಿದ ದುಡ್ಡು ನಿಧಾನ ದುಡಿಯುತ್ತದೆ, ಸರಿಯಾದ ಜಾಗದಲ್ಲಿ ದುರಸ್ತಿಗೆ ಹಾಕಿದ ದುಡ್ಡು ಜೋರಾಗಿ ದುಡಿಯುತ್ತದೆ. ಆದ್ದರಿಂದ ಎರಡಾಗಿ ಮಾಡಲು ಬರುವ ಮನೆ ಹುಡುಕಿ. ಎರಡು ಕಡೆ ರಸ್ತೆಯೋ ಪಕ್ಕದಲ್ಲಿ ಓಣಿಯೋ ಇರುವ, ಹಿತ್ತಲಿಗೆ ಹೊರಗಿನಿಂದ ದಾರಿ ಇರುವ ಮನೆ ಸಿಕ್ಕರೆ 50 ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಎಲ್ಲಿ ಕೊಳ್ಳಬೇಕು ಎನ್ನುವುದು ಯಾರಿಗೆ ಕೊಡುತ್ತೀರಿ ಎನ್ನುವುದರ ಮೇಲೆ ನಿಂತಿದೆ. ಸೋಲಾಪುರ ರಸ್ತೆಯ ವೈದ್ಯಕೀಯ ಕಾಲೇಜು, ಆಶ್ರಮ ರಸ್ತೆಯ ಎಂಜಿನಿಯರಿಂಗ್ ಕಾಲೇಜುಗಳ ಸುತ್ತ ವಿದ್ಯಾರ್ಥಿಗಳು, ನರ್ಸುಗಳು, ಸಿಬ್ಬಂದಿ ಕೋಣೆ ಕೇಳುತ್ತಾರೆ. ತೊರವಿ ಕಡೆ ಮಹಿಳಾ ವಿಶ್ವವಿದ್ಯಾಲಯವಿದೆ. ವರ್ಗಾವಣೆಯಾಗಿ ಬರುವ ನೌಕರರ ಸಂಸಾರಗಳು ಜಲನಗರದಂಥ ಬಡಾವಣೆ ಕೇಳುತ್ತವೆ. ಪೇಟೆಯೊಳಗಿನ ಮನೆಗೆ ಅಂಗಡಿಕಾರರು, ಅಂಗಡಿಯಲ್ಲಿ ದುಡಿಯುವವರು ಬರುತ್ತಾರೆ. ಬಾಡಿಗೆ ಕಡಿಮೆಯಾದರೂ ಅವರು ಬೇಗ ಬಿಡುವುದಿಲ್ಲ. ನನಗೆ ಪೇಟೆಯ ಬಾಡಿಗೆದಾರರೇ ಸರಿಹೋದರು.

ಕಾಗದಪತ್ರ

ನಮ್ಮದು ಹಳೆ ಮುಂಬಯಿ ಪ್ರಾಂತ. ಊರೊಳಗಿನ ಆಸ್ತಿಗೆ ಸಿ.ಟಿ.ಎಸ್. (ಸಿಟಿ ಸರ್ವೆ) ನಂಬರ್ ಇರುತ್ತದೆ. ಸಿಟಿ ಸರ್ವೆ ಕಚೇರಿಯಿಂದ ಹೊಸ ಉತಾರ ತೆಗೆಸಿ. ಮಾರುವವರು ಕೊಡುವ ಹಳೆ ಝೆರಾಕ್ಸ್ ನಂಬಬೇಡಿ. ಅದರಲ್ಲಿರುವ ಕ್ಷೇತ್ರವನ್ನು ಟೇಪ್ ಹಿಡಿದು ನೀವೇ ಅಳೆಯಿರಿ. ಪೇಟೆಯ ಮನೆಗಳಲ್ಲಿ ಗೋಡೆ ಎರಡು ಮನೆಗೆ ಸಾಮಾಯಿಕ ಇರುವುದುಂಟು. ಮುಂದೆ ಮಾಳಿಗೆ ಕಿತ್ತು ಸ್ಲ್ಯಾಬ್ ಹಾಕಲು ಹೋದ ದಿನವೇ ಪಕ್ಕದವರು ಬಂದು ಕೆಲಸ ನಿಲ್ಲಿಸುತ್ತಾರೆ. ಅವರನ್ನು ಖರೀದಿಗೆ ಮೊದಲೇ ಮಾತಾಡಿಸಿ.

ಎರಡನೆಯದು ಋಣಭಾರ ಪತ್ರ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಸಾಲಗಳ ಪಟ್ಟಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಅರ್ಜಿ ಹಾಕಿದರೆ ಸಿಗುತ್ತದೆ. 30 ವರ್ಷದ್ದು ತೆಗೆಸಿ. ಮೂರನೆಯದು ಪಾಲಿಕೆಯ ಇ-ಖಾತಾ. ಅದಿಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ಎ-ಖಾತಾ (ಮಂಜೂರಾತಿ ಸರಿಯಿರುವ ಆಸ್ತಿಯದು) ಇದೆಯೋ ಬಿ-ಖಾತಾ (ಮಂಜೂರಾತಿ ಇಲ್ಲದ ಆಸ್ತಿಯದು) ಇದೆಯೋ ಕೇಳಿ. ಬಿ-ಖಾತಾ ಆಸ್ತಿಗೆ ಸಾಲ ಕೊಡಲು ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ. ನಾಳೆ ನೀವು ಮಾರುವಾಗಲೂ ಕೊಳ್ಳುವವರು ಅದನ್ನೇ ಹೇಳಿ ಬೆಲೆ ಇಳಿಸುತ್ತಾರೆ. ಊರ ಹೊರಗೆ ಹೊಲವನ್ನು ಗುಂಟೆ ಲೆಕ್ಕದಲ್ಲಿ ಕತ್ತರಿಸಿ ಕಟ್ಟಿದ ಮನೆಗಳು ಅಗ್ಗಕ್ಕೆ ಸಿಗುತ್ತವೆ. ಎನ್.ಎ. ಆದೇಶ (ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸಿದ ಆದೇಶ), ಮಂಜೂರಾದ ಲೇಔಟ್ ನಕ್ಷೆ ಎರಡೂ ಇಲ್ಲದಿದ್ದರೆ ಬಿಟ್ಟುಬಿಡಿ.

ನಾಲ್ಕನೆಯದನ್ನು ಎಲ್ಲರೂ ಹಗುರಾಗಿ ತೆಗೆದುಕೊಳ್ಳುತ್ತಾರೆ: ಹೆಣ್ಣುಮಕ್ಕಳ ಸಹಿ. ಅಣ್ಣತಮ್ಮಂದಿರು ಸೇರಿ ಮಾರುವ ಪಿತ್ರಾರ್ಜಿತ ಮನೆಯಲ್ಲಿ "ಅಕ್ಕ-ತಂಗ್ಯಾರು ಏನೂ ಕೇಳೂದಿಲ್ರಿ" ಎನ್ನುವ ಮಾತು ಬಂದೇ ಬರುತ್ತದೆ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಈ ಹಕ್ಕು ಉಂಟು ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. ವಂಶವೃಕ್ಷ ತೆಗೆಸಿ, ಮದುವೆಯಾಗಿ ಸೋಲಾಪುರಕ್ಕೋ ಸಾಂಗಲಿಗೋ ಹೋದ ಅಕ್ಕತಂಗಿಯರನ್ನೂ ನೋಂದಣಿ ಕಚೇರಿಗೆ ಕರೆಸಿ. ಅವರ ಪಾಲಿನ ದುಡ್ಡು ಅವರ ಖಾತೆಗೇ ಹೋಗಲಿ ಎಂದು ನಾನು ಮಾರುವವರಿಗೆ ಹೇಳಿದೆ. ಅದಕ್ಕಾಗಿ ಎರಡು ತಿಂಗಳು ತಡವಾಯಿತು. ಆದರೆ ಆ ಮನೆಯ ಬಗ್ಗೆ ಇವತ್ತಿಗೂ ಒಂದು ನೋಟಿಸ್ ಬಂದಿಲ್ಲ.

ಸಂಚಗಾರ (ಮುಂಗಡ) ಕೊಡುವಾಗ ನಗದು ಕೊಡಬೇಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬೆಲೆ 50 ಲಕ್ಷ ಮುಟ್ಟಿದರೆ 1% ಟಿ.ಡಿ.ಎಸ್. (ಮಾರುವವರ ಲೆಕ್ಕದ ಆದಾಯ ತೆರಿಗೆ) ಕಡಿದು ತುಂಬುವುದು ಕೊಳ್ಳುವವರ ಕೆಲಸ.

ಸ್ಮಾರಕ ಎಷ್ಟು ದೂರ?

ಬೇರೆ ಊರಿನ ಮಾರ್ಗದರ್ಶಿಗಳಲ್ಲಿ ಈ ಹೆಜ್ಜೆ ಇರುವುದಿಲ್ಲ. ನಮ್ಮಲ್ಲಿ ಗೋಳಗುಮ್ಮಟ, ಜಾಮಿ ಮಸೀದಿ, ಬಾರಾಕಮಾನ, ಇಬ್ರಾಹಿಂ ರೋಜಾ ಇವೆಲ್ಲ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಓಣಿಯೊಳಗೆ ಮನೆಗಳ ನಡುವೆ ನಿಂತ ಚಿಕ್ಕ ಗುಮ್ಮಟವೂ ರಕ್ಷಿತ ಸ್ಮಾರಕವಾಗಿರಬಹುದು. 1958ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡಕ್ಕೆ ಅನುಮತಿ ಇಲ್ಲ. ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಅನುಮತಿ ಪಡೆದು ಕಟ್ಟಬಹುದು. 100 ಮೀಟರ್ ಒಳಗಿನ ಮನೆ 1992ರ ಜೂನ್ 16ಕ್ಕೆ ಮೊದಲಿನದಾಗಿದ್ದರೆ ದುರಸ್ತಿಗೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಲು ಬರುತ್ತದೆ. ಆದರೆ ಮೇಲೊಂದು ಮಹಡಿ ಏರಿಸುವ ಕನಸು ಬಿಡಬೇಕು.

ಮೊದಲ ಮನೆಯ ಮೇಲೆ ಎರಡು ಖೋಲಿ ಹಾಕುವುದೆಂದು ನಾವು ಲೆಕ್ಕ ಕಟ್ಟಿದ್ದೆವು. ಆ ಲೆಕ್ಕ ಅಲ್ಲೇ ನಿಂತಿತು. ಹಾಗೆಂದು ಇಂಥ ಮನೆ ಕೊಳ್ಳಲೇಬಾರದು ಎನ್ನುವುದಿಲ್ಲ. ಕಟ್ಟಲು ಬರುವುದಿಲ್ಲವೆಂದೇ ಇವುಗಳ ಬೆಲೆ ಕಡಿಮೆ. ಇದ್ದ ಮನೆಯನ್ನೇ ಚೆನ್ನಾಗಿಟ್ಟುಕೊಳ್ಳುವವರಿಗೆ ಇದು ಸಾಲುತ್ತದೆ. ಗುಮ್ಮಟದ ನೆರಳಲ್ಲಿ ಬದುಕುವ ಊರು ನಮ್ಮದು. ಆ ನಿಯಮ ಇರಬೇಕಾದದ್ದೇ.

ಮನೆ ನೋಡುವುದು ಹೇಗೆ

ಮನೆ ನೋಡಲು ಸೆಪ್ಟೆಂಬರಿನಲ್ಲಿ ಹೋಗಿ. ನಮ್ಮ ಕಡೆ ವರ್ಷದ ಮಳೆಯಲ್ಲಿ ದೊಡ್ಡ ಪಾಲು ಆ ತಿಂಗಳಲ್ಲೇ ಬೀಳುತ್ತದೆ. ಬೇಸಿಗೆಯಲ್ಲಿ ಬಣ್ಣ ಹೊಡೆದು ತೋರಿಸಿದ ಮನೆಯ ನಿಜ ಆಗ ತಿಳಿಯುತ್ತದೆ.

ಮೊದಲು ನೆಲ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ಆಳವಿಲ್ಲದ ಪಾಯ ಹಾಕಿದ ಮನೆ ವರ್ಷವರ್ಷ ಮೇಲೆ-ಕೆಳಗೆ ಆಗುತ್ತ ಮೂಲೆಗಳಲ್ಲಿ, ಕಿಟಕಿಯ ಕೊನೆಗಳಲ್ಲಿ ಓರೆಯಾಗಿ ಬಿರುಕು ಬಿಡುತ್ತದೆ. ಬಿರುಕು ಕಂಡರೆ ಅದರ ಅಡ್ಡಕ್ಕೆ ತೆಳು ಗಾಜಿನ ಪಟ್ಟಿ ಸಿಮೆಂಟಿನಿಂದ ಅಂಟಿಸಿ ತಾರೀಖು ಬರೆದಿಡಿ. ಗಾಜು ಒಡೆದರೆ ಬಿರುಕು ಇನ್ನೂ ನಡೆಯುತ್ತಿದೆ ಎಂದು ಅರ್ಥ. ಆಗ ಎಂಜಿನಿಯರನ್ನು ಕರೆಸದೆ ಮುಂದುವರಿಯಬೇಡಿ. ಒಡೆಯದಿದ್ದರೆ ಕೆಲಸ ಸುಲಭ. ಮನೆಯ ಸುತ್ತ ಮೂರಡಿ ಅಗಲದ ಕಾಂಕ್ರೀಟ್ ಪಟ್ಟಿಯನ್ನು ಹೊರಕ್ಕೆ ಇಳಿಜಾರಾಗಿ ಹಾಕಿ, ಮಾಳಿಗೆಯ ನೀರು ಪಾಯದ ಬುಡಕ್ಕೆ ಬೀಳದಂತೆ ಕೊಳವೆಯಿಂದ ಗಟಾರಕ್ಕೆ ಬಿಡಿ. ಈ ಎರಡು ಮಾಡಿದರೆ ಅರ್ಧ ತೊಂದರೆ ನಿಲ್ಲುತ್ತದೆ. ಗೋಡೆಗೆ ಅಂಟಿದ ಬೇವಿನ ಮರವಿದ್ದರೆ ಅದರ ಬೇರು ಪಾಯದ ಕೆಳಗಿನ ಹಸಿ ಹೀರಿ ನೆಲ ಕುಸಿಯುವಂತೆ ಮಾಡುತ್ತಿರಬಹುದು. ಅದನ್ನೂ ನೋಡಿ.

ಆಮೇಲೆ ಮಾಳಿಗೆ. ಪೇಟೆಯ ಹಳೆ ಕಲ್ಲುಮನೆಗಳಿಗೆ ಮೇಲುಮುದ್ದೆ ಇರುತ್ತದೆ: ತೊಲೆ, ಜಂತೆ, ಮೇಲೆ ಮಣ್ಣು. ಸೋರಿದಾಗಲೆಲ್ಲ ಹಿರಿಯರು ಮೇಲೆ ಇನ್ನಷ್ಟು ಮಣ್ಣು ಹಾಕಿಸಿರುತ್ತಾರೆ. ಒಣಮಣ್ಣು ಘನ ಮೀಟರಿಗೆ ಸುಮಾರು 1,600 ಕಿಲೋ ತೂಗುತ್ತದೆ. 10 ಅಡಿಗೆ 12 ಅಡಿ ಖೋಲಿಯ ಮೇಲೆ ಒಂದಡಿ ಮಣ್ಣಿದ್ದರೆ ಒಣಗಿದ್ದಾಗಲೇ ಐದು ಟನ್ ದಾಟುತ್ತದೆ. ತೊಲೆಯ ನಡುಭಾಗ ಗಟ್ಟಿ ಕಂಡರೂ ಗೋಡೆಯೊಳಗೆ ಹೊಕ್ಕ ಅದರ ತುದಿಯನ್ನು ಗೆದ್ದಲು ತಿಂದಿರಬಹುದು. ಬಡಿಗರನ್ನು ಜತೆಗೆ ಒಯ್ದು ಸ್ಕ್ರೂಡ್ರೈವರಿನಿಂದ ಆ ತುದಿ ಚುಚ್ಚಿಸಿ. ಒಳಗೆ ಸಲೀಸಾಗಿ ಹೋದರೆ ಆ ತೊಲೆ ಮುಗಿಯಿತು.

ಸ್ಲ್ಯಾಬಿನ ಮನೆಯಾದರೆ ಕೆಳಗಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿಯುತ್ತ ಹೋಗಿ. ಪೊಳ್ಳು ಸಪ್ಪಳ ಬಂದಲ್ಲಿ ಒಳಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಸಡಿಲಿಸಿರಬಹುದು. ಬಚ್ಚಲಿನ ಮೇಲಿನ ಸ್ಲ್ಯಾಬು, ನೀರಿನ ಟಾಕಿಯ ಕೆಳಗಿನ ಭಾಗ ಇವೆರಡನ್ನೂ ಬಿಡದೆ ನೋಡಿ.

ದುರಸ್ತಿಯ ಕ್ರಮ

ಕ್ರಮ ತಪ್ಪಿದರೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಹೋಗುತ್ತದೆ. ಮಾಳಿಗೆ, ಒಳಚರಂಡಿ, ನೀರಿನ ಕೊಳವೆ, ಕರೆಂಟಿನ ತಂತಿಗೆ ಗೋಡೆ ಕೊರೆಯುವುದು, ಗಿಲಾವ (ಪ್ಲಾಸ್ಟರ್), ಫರಸಿ (ನೆಲಹಾಸು), ಬಾಗಿಲು-ಕಿಟಕಿ, ಕೊನೆಗೆ ಬಣ್ಣ. ನಾನು ಹಬ್ಬದ ಅವಸರದಲ್ಲಿ ಬಣ್ಣ ಮೊದಲು ಹೊಡೆಸಿ, ಆಮೇಲೆ ಗೋಡೆ ಕೊರೆಸಿದ್ದೇನೆ.

ಕಲ್ಲು-ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವ ಮಾಡಿಸಬೇಡಿ. ನಾನು ಹಟ ಹಿಡಿದಾಗ ವಯಸ್ಸಾದ ಗೌಂಡಿಯೊಬ್ಬರು ಹೇಳಿದ್ದರು, "ಅಕ್ಕಾರ, ಒಳಗಿನ ಹಸಿ ಹೊರಗ ಬರಾಕ ದಾರಿ ಬೇಕ್ರಿ. ಸಿಮೆಂಟ್ ಹಚ್ಚಿದ್ರ ಅದು ಒಳಗ ಕುಂತು ಗ್ವಾಡಿ ತಿಂತದ." ಕೇಳಲಿಲ್ಲ. ಎರಡು ಮಳೆಗಾಲದಲ್ಲಿ ಗಿಲಾವ ಹಲಗೆಯಂತೆ ಎದ್ದು ಬಂತು. ಅವರನ್ನೇ ಮತ್ತೆ ಕರೆದು, ಕ್ಷಮೆ ಕೇಳಿ, ಸುಣ್ಣದ ಗಾರೆ ಮಾಡಿಸಿದೆ. ಅದು ಇನ್ನೂ ನಿಂತಿದೆ.

ನಮ್ಮೂರಿನ ಬಿಸಿಲು ತಡೆಯಲು ಮಾಡುವ ಕೆಲಸ ಬಾಡಿಗೆಯನ್ನು ನೇರ ಕಾಪಾಡುತ್ತದೆ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟಿದಾಗ ಮೇಲಿನ ಮಹಡಿಯವರು ರಾತ್ರಿ ನಿದ್ದೆ ಇಲ್ಲದೆ ಮನೆ ಬಿಡುತ್ತಾರೆ. ಪತ್ರಾಸಿನ (ತಗಡಿನ) ಖೋಲಿಯಂತೂ ಒಲೆಯಂತೆ ಕಾಯುತ್ತದೆ. ಸ್ಲ್ಯಾಬಿನ ಮೇಲೆ ನೀರು ನಿಲ್ಲದಂತೆ ಇಳಿಜಾರು ಸರಿಮಾಡಿ (100 ಅಡಿಗೆ ಒಂದಡಿಯಾದರೂ ಇಳಿಯಬೇಕು), ಜಲನಿರೋಧಕ ಹಚ್ಚಿ, ಅದರ ಮೇಲೆ ಬಿಳಿ ಚೀನಿ (ಪಿಂಗಾಣಿ) ಚೂರು ಹಾಸಿದರೆ ಸೋರುವುದೂ ನಿಲ್ಲುತ್ತದೆ, ಬಿಸಿಯೂ ಇಳಿಯುತ್ತದೆ. ಅಷ್ಟು ದುಡ್ಡಿಲ್ಲದಿದ್ದರೆ ಪ್ರತಿ ಫಾಲ್ಗುಣದಲ್ಲಿ ಬಿಳಿ ಸುಣ್ಣ ಬಳಿಸಿ. ಹಳೆ ಮೇಲುಮುದ್ದೆ ಮನೆ ಬೇಸಿಗೆಯಲ್ಲಿ ತಂಪು. ತೊಲೆ ಗಟ್ಟಿಯಿದ್ದರೆ ಹೆಚ್ಚಿನ ಮಣ್ಣು ಇಳಿಸಿ ಅದನ್ನೇ ಉಳಿಸಿಕೊಳ್ಳಿ. ಬೆಳಕಿಂಡಿಯನ್ನೂ ಮುಚ್ಚಿಸಬೇಡಿ. ಗಾಜು ಹಾಕಿಸಿದರೆ ಸಾಕು.

ಸಿಮೆಂಟಿನ ಕೆಲಸವೆಲ್ಲ ನವೆಂಬರಿನಿಂದ ಫೆಬ್ರುವರಿಯೊಳಗೆ ಮುಗಿಸಿ. ಪಿ.ಪಿ.ಸಿ. (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಹತ್ತು ದಿನವಾದರೂ ನೀರು ಹೊಡೆಯಬೇಕು. ಮೇ ತಿಂಗಳ ಬಿಸಿಲಲ್ಲಿ ಬೆಳಿಗ್ಗೆ ಹೊಡೆದ ನೀರು ಮಧ್ಯಾಹ್ನದ ಹೊತ್ತಿಗೆ ಆರಿ ಗಿಲಾವ ಬಿರಿಯುತ್ತದೆ. ಫೆಬ್ರುವರಿಗೆ ಮುಗಿದರೆ ವರ್ಗಾವಣೆ ಮತ್ತು ಶಾಲೆ ಶುರುವಾಗುವ ಮೇ-ಜೂನಿಗೆ ಮನೆ ತಯಾರಿರುತ್ತದೆ.

ನೀರಿನ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಡಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಗರದ ಅಳತೆ. ಐದೈದು ಮಂದಿಯ ಎರಡು ಸಂಸಾರಕ್ಕೆ ದಿನಕ್ಕೆ 1,350 ಲೀಟರ್. ನಳ ನಾಲ್ಕು ದಿನಕ್ಕೊಮ್ಮೆ ಬರುವ ಓಣಿಯಾದರೆ 5,400 ಬೇಕು. 6 ಅಡಿ ಉದ್ದ, 6 ಅಡಿ ಅಗಲ, 5 ಅಡಿ ಆಳದ ನೆಲದ ಟಾಕಿ ಸುಮಾರು 5,100 ಲೀಟರ್ ಹಿಡಿಯುತ್ತದೆ. ಮೇಲೆ ಸಾವಿರ ಲೀಟರಿನದೊಂದು ಇಟ್ಟರೆ ಸಾಕು. ಎರೆಮಣ್ಣಿನಲ್ಲಿ ಈ ಟಾಕಿಯನ್ನು ಗೋಡೆಯಿಂದ ದೂರ ಕಟ್ಟಿಸಿ. ಅದು ಸೋರಿದರೆ ಪಾಯವೇ ಅಲುಗುತ್ತದೆ. ಬೋರಿನ ನೀರು ಗಡಸು. ಅದಕ್ಕೆ ಬೇರೆ ಟಾಕಿ, ಬೇರೆ ಕೊಳವೆ ಮಾಡಿ ಸಂಡಾಸ ಮತ್ತು ತೊಳೆಯುವುದಕ್ಕೆ ಮಾತ್ರ ಬಿಡಿ. ಗೀಸರಿಗೆ ಕೊಟ್ಟರೆ ಸುಣ್ಣ ಕಟ್ಟಿ ಕಾಯಿಲ್ ಬೇಗ ಹೋಗುತ್ತದೆ.

ಕರೆಂಟಿಗೆ ಹಳೆ ಅಲ್ಯುಮಿನಿಯಂ ತಂತಿ ಇದ್ದರೆ ಪೂರ್ತಿ ಕಿತ್ತು ತಾಮ್ರದ್ದು ಎಳೆಸಿ: ದೀಪಕ್ಕೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರ್. ಒಳ್ಳೆ ಅರ್ಥಿಂಗ್, 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಇರಲೇಬೇಕು. ಬೇರೆಯವರ ಮಕ್ಕಳು ಆಡುವ ಮನೆ ಅದು. ಪ್ರತಿ ಸಂಸಾರಕ್ಕೆ ಹೆಸ್ಕಾಂನಿಂದ ಬೇರೆ ಮೀಟರ್ ಹಾಕಿಸಿ. ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಅದು ಒಂದೊಂದು ಆರ್.ಆರ್. ನಂಬರಿನ (ಮೀಟರ್ ಸಂಪರ್ಕದ ಸಂಖ್ಯೆ) ಬಳಕೆಯ ಮೇಲೆ ನಿಂತಿದೆ. ಎರಡು ಮನೆಗೆ ಒಂದೇ ಮೀಟರ್ ಇದ್ದರೆ ಅದರ 200 ಯುನಿಟ್ ಮಿತಿ ಬೇಗ ದಾಟುತ್ತದೆ, ಬಿಲ್ಲಿಗಾಗಿ ಜಗಳವೂ ಆಗುತ್ತದೆ.

ಗೌಂಡಿಯವರ ಜತೆ ವ್ಯವಹಾರ ಕಾಗದದ ಮೇಲಿರಲಿ. ಉಸುಕು, ಮುರುಮು ಇಲ್ಲಿ ಬ್ರಾಸ್ ಲೆಕ್ಕದಲ್ಲಿ ಬರುತ್ತವೆ. ಒಂದು ಬ್ರಾಸ್ ಎಂದರೆ 100 ಘನ ಅಡಿ. ಟ್ರ್ಯಾಕ್ಟರ್ ಬಂದಾಗ ಸುರಿಸುವ ಮೊದಲೇ ಟ್ರೇಲರ್ ಅಳೆಯಿರಿ. 10 ಅಡಿ ಉದ್ದ, 6 ಅಡಿ ಅಗಲ, ಒಂದೂವರೆ ಅಡಿ ಎತ್ತರವಿದ್ದರೆ 90 ಘನ ಅಡಿ, ಒಂದು ಬ್ರಾಸಿಗೆ ಹತ್ತು ಕಡಿಮೆ. ಕೂಲಿಯನ್ನು ವಾರದ ಸಂತೆಯ ಹಿಂದಿನ ದಿನ ತಪ್ಪದೆ ಕೊಡಿ. ಗುತ್ತಿಗೆಯ ಹತ್ತನೇ ಒಂದು ಪಾಲನ್ನು ಮಾತ್ರ ಒಂದು ದೊಡ್ಡ ಮಳೆ ಆಗುವವರೆಗೆ ಇಟ್ಟುಕೊಳ್ಳಿ. ಇದನ್ನು ಮೊದಲ ದಿನವೇ ಹೇಳಿ ಬರೆದುಕೊಳ್ಳಬೇಕು, ಕೊನೆಗೆ ಹೇಳಿದರೆ ಅನ್ಯಾಯ.

ಬಾಡಿಗೆಗೆ ಬಿಡುವಾಗ

ಮನೆ ಕೇಳಲು ಬಂದವರ ಜಾತಿ ಕೇಳುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಬಸವಣ್ಣ ಹುಟ್ಟಿದ ಜಿಲ್ಲೆಯಲ್ಲಿ ಇದು ನನಗೆ ನೋವಿನ ವಿಷಯ. ನಾನು ಕೇಳುವುದು ಮೂರು: ಏನು ಕೆಲಸ, ಎಷ್ಟು ಮಂದಿ, ಹಿಂದಿನ ಮನೆ ಏಕೆ ಬಿಟ್ಟಿರಿ. ಹಿಂದಿನ ಮಾಲೀಕರಿಗೆ ಒಂದು ಫೋನು, ಆಧಾರ್ ಪ್ರತಿ, ಅಷ್ಟು ಸಾಕು.

ಕರಾರು 11 ತಿಂಗಳಿಗೆ ಮಾಡುವುದಕ್ಕೆ ಕಾರಣವಿದೆ. ಒಂದು ವರ್ಷಕ್ಕಿಂತ ಹೆಚ್ಚಿನ ಬಾಡಿಗೆ ಪತ್ರವನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಕರಾರಿನಲ್ಲಿ ಬಾಡಿಗೆ, ಡಿಪಾಜಿಟ್, ಏರಿಕೆ, ನೀರು-ಕರೆಂಟು ಯಾರದು, ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು ಎಲ್ಲ ಬರೆಯಿರಿ. ಏನೂ ಬರೆಯದಿದ್ದರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಎಂದು ಕಾನೂನು ಹಿಡಿಯುತ್ತದೆ. ಎರಡೂ ಕಡೆಗೆ ಅದು ಸಾಲದು, ಒಂದು ತಿಂಗಳು ಬರೆಯುವುದು ಮೇಲು.

ಬಾಡಿಗೆ ಬ್ಯಾಂಕ್ ಖಾತೆಗೇ ಬರಲಿ. ಪಾಲಿಕೆಯ ಆಸ್ತಿ ತೆರಿಗೆಯನ್ನು ಏಪ್ರಿಲಿನಲ್ಲೇ ತುಂಬಿದರೆ 5% ರಿಯಾಯಿತಿ. ಆ ರಸೀದಿ ಇಟ್ಟುಕೊಳ್ಳಿ. ಆದಾಯ ತೆರಿಗೆಯಲ್ಲಿ ವರ್ಷದ ಬಾಡಿಗೆಯಿಂದ ನೀವು ತುಂಬಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ 30%ನ್ನು ದುರಸ್ತಿ ಇತ್ಯಾದಿಗೆಂದು ಬಿಲ್ ಕೇಳದೆ ಬಿಡುತ್ತಾರೆ. ಸಾಲದ ಬಡ್ಡಿಯೂ ಬಾಡಿಗೆಯಿಂದ ಕಳೆಯುತ್ತದೆ.

ಕೀಲಿಕೈ ಕೊಡುವ ದಿನ ಬಾಡಿಗೆದಾರರ ಜತೆಗೇ ಪ್ರತಿ ಖೋಲಿ, ಪ್ರತಿ ನಳ, ಮೀಟರಿನ ಅಂಕಿ ಮೊಬೈಲಿನಲ್ಲಿ ಫೋಟೊ ತೆಗೆದು ಅವರಿಗೂ ಕಳಿಸಿ. ಅವರು ಬಿಡುವ ದಿನ ಅದೇ ಫೋಟೊ ಹಿಡಿದು ಮನೆ ತಿರುಗಿ ನೋಡಿ, ನಿಜವಾಗಿ ಒಡೆದದ್ದರ ಖರ್ಚಷ್ಟೇ ಹಿಡಿದು, ಉಳಿದ ಡಿಪಾಜಿಟ್ಟನ್ನು ಅವರು ಸಾಮಾನು ಹೇರುವ ಮೊದಲೇ ಕೊಟ್ಟುಬಿಡಿ.